ಯಲಹಂಕದಿಂದ ಅವ್ವನ ಬಂಡೆಯವರೆಗೆ

ಒಂದು ಭಾನುವಾರ ಬೆಳಗ್ಗೆ, ಬಿಸಿಲು ಇನ್ನೂ ಹೆಂಚಿನ ಮೇಲೆ ಏರುವ ಮುನ್ನ, ನಾನೂ ನನ್ನಕ್ಕ ಗಂಗಮ್ಮನೂ ಯಲಹಂಕ ಬಿಟ್ಟೆವು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನಾಲ್ಕು, ಅವಳಿಗೆ ಹದಿನೆಂಟು. ಸಾಮಾನು ಎಂದರೆ ಒಂದು ಗೋಣಿಚೀಲ. ಅದರಲ್ಲಿ ಅಕ್ಕನ ಒಂದು ಸೀರೆ, ನನ್ನದೊಂದು ಚಡ್ಡಿ, ಹಿಂದಿನ ರಾತ್ರಿ ಮಿಕ್ಕಿದ ಮುದ್ದೆ, ಒಂದಿಷ್ಟು ಹುರಿಗಡಲೆ. ಚೀಲ ನಾನು ಹೊತ್ತಿದ್ದೆ, ಯಾಕೆಂದರೆ ಅಕ್ಕನ ಎಡಗೈ ಊದಿಕೊಂಡು ಹಳೆ ಸೀರೆಯ ತುಂಡಿನಲ್ಲಿ ಕುತ್ತಿಗೆಗೆ ಜೋತುಬಿದ್ದಿತ್ತು.

ಅಪ್ಪ ಇದ್ದಿಲಿನ ಗಾಡಿ ಹೊಡೆಯುತ್ತಿದ್ದ. ಮಾಗಡಿ ಕಡೆಯ ಕಾಡಿನಿಂದ ಇದ್ದಿಲು ತುಂಬಿಕೊಂಡು ಬಂದು ಯಲಹಂಕ ಸ್ಟೇಷನ್ನಿನ ಎದುರಿದ್ದ ಮಂಡಿಗೆ ಹಾಕುವುದು ಅವನ ಕೆಲಸ. ಅವನ ಕೈಲಿದ್ದ ಬಾರುಕೋಲು ಎತ್ತುಗಳ ಮೇಲೆ ಬಿದ್ದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನಾಲಿಗೆಯಲ್ಲಿ ಲೊಚ್ ಎಂದರೆ ಸಾಕು, ಅವು ನಡೆಯುತ್ತಿದ್ದವು. ಅಷ್ಟು ಚಂದ ಗಾಡಿ ಹೊಡೆಯುವವನು ಸುತ್ತ ಹತ್ತೂರಲ್ಲಿ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಬಾರುಕೋಲು ಇದ್ದದ್ದು ಮೊದಲು ಅವ್ವನಿಗೆ. ಅವ್ವ ಜ್ವರದಲ್ಲಿ ತೀರಿಕೊಂಡ ಮೇಲೆ ನಮಗೆ. ಆ ಶುಕ್ರವಾರ ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಅಕ್ಕನಿಗೆ ಕೋಲಿನ ಹಿಡಿಯಿಂದಲೇ ಬಾರಿಸಿದ. ಮಾರನೆಯ ದಿನ ಏನೂ ಆಗದವನ ಹಾಗೆ ಗಾಡಿ ಕಟ್ಟಿಕೊಂಡು ದೊಡ್ಡಬಳ್ಳಾಪುರದ ಕಡೆ ಹೋದ. ಸೋಮವಾರ ಬರುತ್ತೇನೆ, ಸಾರಿಗೆ ಹುಳಿ ಕಮ್ಮಿ ಹಾಕು ಎಂದ.

ಗಾಡಿ ಮೂಲೆ ತಿರುಗಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಇನ್ನೊಂದ್ಸಲ ಹೊಡೆದ್ರೆ ನಾನ್ ಸಾಯ್ತೀನಿ, ಇಲ್ಲ ನೀನ್ ಸಾಯ್ತೀಯ. ಎರಡೂ ಬೇಡ ಕಣೋ ಕೆಂಪಾ. ಅವ್ವನ ಕಡೆಯೋರ ಹತ್ರ ಹೋಗೋಣ."

ಅವ್ವನ ಕಡೆಯವರು ಎಂದರೆ ಇರುಳಿಗರು. ಸಾವನದುರ್ಗದ ಬೆಟ್ಟದ ಬುಡದಲ್ಲಿ, ಕಾಡನ್ನೇ ನಂಬಿಕೊಂಡು, ಬಂಡೆಯ ಜೇನು ಇಳಿಸಿ, ಗೆಡ್ಡೆ ಅಗೆದು, ಪೊರಕೆ ಕಟ್ಟಿ ಬದುಕುತ್ತಿದ್ದ ಜನ. ಇದ್ದಿಲು ತರಲು ಹೋದ ಅಪ್ಪ ಅಲ್ಲಿ ಅವ್ವನನ್ನು ಕಂಡು, ಯಾರನ್ನೂ ಕೇಳದೆ ಗಾಡಿಯಲ್ಲಿ ಕೂರಿಸಿಕೊಂಡು ಬಂದುಬಿಟ್ಟಿದ್ದ. ಯಲಹಂಕಕ್ಕೆ ಬಂದ ಮೇಲೆ ಅವಳು ಯಾವ ಜನ ಎಂದು ಬಾಯಿ ಬಿಡಕೂಡದು ಎಂದು ಕಟ್ಟಪ್ಪಣೆ. ಆದರೂ ಅವ್ವ ನಮ್ಮ ತಲೆಗೆ ಎಣ್ಣೆ ಹಚ್ಚುವಾಗ ಮೆಲ್ಲಗೆ ಹೇಳುತ್ತಿದ್ದಳು: ಯಶವಂತಪುರದ ಭಾನುವಾರದ ಸಂತೆಗೆ ನಮ್ಮವರು ಬರ್ತಾರೆ, ಹುಣಸೆಮರದ ಕೆಳಗೆ ಕೂತು ಜೇನು ಮಾರ್ತಾರೆ. ಒಂದು ದಿನವೂ ಅವಳಿಗೆ ಆ ಸಂತೆ ನೋಡುವ ಭಾಗ್ಯ ಸಿಗಲಿಲ್ಲ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ಹಣ್ಣು ಮುದುಕರಿಗೆ ಹೇಳುತ್ತಾರೆ. ನನಗೆ ಮೀಸೆ ಮೂಡುವ ಮೊದಲೇ ನಮಗೆ ಆ ಕಾಲ ಬಂದಿತ್ತು.

ಯಲಹಂಕದಿಂದ ಯಶವಂತಪುರಕ್ಕೆ ರೈಲಿತ್ತು. ಆದರೆ ಸ್ಟೇಷನ್ ಎದುರಿಗೇ ಮಂಡಿ, ಮಂಡಿಯ ತುಂಬ ಅಪ್ಪನ ಪರಿಚಯದವರು. ಹಾಗಾಗಿ ಹೆಬ್ಬಾಳದ ದಾರಿ ಹಿಡಿದು ನಡೆದೆವು, ಐದು ಮೈಲಿ. ಈಗ ಆ ದಾರಿಯಲ್ಲಿ ಹೋಗುವವರಿಗೆ ನಾನು ಹೇಳಿದರೆ ನಂಬುವುದಿಲ್ಲ. ಎರಡೂ ಕಡೆ ಕೊಯ್ಲಾದ ರಾಗಿ ಹೊಲ, ಬದುವಿನ ಮೇಲೆ ಕತ್ತಾಳೆ, ಅಲ್ಲಲ್ಲಿ ಸೀಬೆ ತೋಟ. ಹೊತ್ತಿಗೊಂದು ಬಸ್ಸು ಧೂಳೆಬ್ಬಿಸಿಕೊಂಡು ಹೋದರೆ, ಧೂಳು ಕೂತ ಮೇಲೆ ಮತ್ತೆ ಗೊರವಂಕದ ಸದ್ದು. ಎತ್ತಿನ ಗೆಜ್ಜೆ ಕೇಳಿದಾಗಲೆಲ್ಲ ನಾವು ಕತ್ತಾಳೆ ಮರೆಗೆ ಹಾರುತ್ತಿದ್ದೆವು. ಹುಲ್ಲಿನ ಗಾಡಿಗೂ ಹೆದರಿದೆವು, ಮದುವೆ ದಿಬ್ಬಣದ ಗಾಡಿಗೂ ಹೆದರಿದೆವು. ದಿಬ್ಬಣದವರು ನಮ್ಮನ್ನು ನೋಡಿ ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕದ್ದನ್ನು ಕಂಡು ನನಗೆ ಅರ್ಧ ದಾರಿ ಮುಗಿದಷ್ಟು ಹಗುರವಾಯಿತು.

ಹೆಬ್ಬಾಳದ ಕೆರೆ ಆಗ ಕಣ್ಣು ಹಾಯುವಷ್ಟು ನೀರು. ಏರಿಯ ಕೆಳಗೆ ದ್ರಾಕ್ಷಿ ತೋಟಗಳು, ಕಲ್ಲುಕಂಬದ ಮೇಲೆ ಚಪ್ಪರ, ಚಪ್ಪರದಡಿ ಮಣ್ಣಿನ ತಂಪು. ಗೆಜ್ಜೆ ಸದ್ದಿಗೆ ಹೆದರಿ ಒಂದು ತೋಟಕ್ಕೆ ನುಗ್ಗಿದವರು ಕಾವಲಿನ ಮುದುಕನ ಕೈಗೆ ಸಿಕ್ಕಿಬಿದ್ದೆವು. ಅವನು ದೊಣ್ಣೆ ಎತ್ತಿಕೊಂಡು ಬಂದವನು ಅಕ್ಕನ ಕೈ ನೋಡಿ ದೊಣ್ಣೆ ಕೆಳಗಿಟ್ಟ.

"ಏನವ್ವ ಇದು?"

"ಬಾವಿ ಕಟ್ಟೆ ಮೇಲಿಂದ ಬಿದ್ದೆ ಕಣ್ತಾತ," ಎಂದಳು ಅಕ್ಕ.

"ಬಿದ್ರೆ ಇಂಗೆ ಬರೆ ಬರಕಿಲ್ಲ," ಎಂದ ಮುದುಕ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬೆಂಕಿಗೆ ಬಾಡಿಸಿ, ಊದಿದ ಜಾಗಕ್ಕೆ ಕಟ್ಟಿದ. ಉದುರಿದ ದ್ರಾಕ್ಷಿಯನ್ನು ನನ್ನ ಅಂಗಿಯ ಮಡಿಲಿಗೆ ಸುರಿದ. ಹುಳಿ ದ್ರಾಕ್ಷಿ, ಬೀಜದ ದ್ರಾಕ್ಷಿ. ಅದಕ್ಕಿಂತ ರುಚಿಯಾದ ಹಣ್ಣನ್ನು ಆಮೇಲೆ ದುಡ್ಡು ಕೊಟ್ಟು ಎಲ್ಲೂ ಕೊಂಡಿಲ್ಲ.

ಅಲ್ಲಿಂದ ಕಾಲುದಾರಿಯಲ್ಲಿ ಮತ್ತಿಕೆರೆ. ಕೆರೆ, ಗುಡಿ, ಒಂದು ನೂರು ಮನೆ, ರಸ್ತೆಯ ಬದಿಗೊಂದು ಹೋಟೆಲು, ಅದರ ಮುಂದೆ ಮೂರು ಜಟಕಾ. ಹೋಟೆಲಿನಿಂದ ಸಾಂಬಾರಿನ ವಾಸನೆ ರಸ್ತೆಗೇ ಬಂದು ನಮ್ಮನ್ನು ಒಳಗೆ ಎಳೆಯಿತು. ಅಕ್ಕ ಸೆರಗಿನ ಗಂಟು ಬಿಚ್ಚಿ ಇಡ್ಲಿ ಹೇಳಿದಳು. ನಾನು ಹೋಟೆಲಿನಲ್ಲಿ ಕೂತು ತಿನ್ನುತ್ತಿದ್ದದ್ದು ಅದೇ ಮೊದಲು. ಮಾಲೀಕ ಗಲ್ಲಾದಿಂದಲೇ ನನ್ನನ್ನು ದಿಟ್ಟಿಸಿ ನೋಡಿದ.

"ಲೇ, ನೀನು ಯಲಹಂಕದ ಇದ್ದಿಲು ಗಾಡಿಯವನ ಮಗ ಅಲ್ವೇನೋ? ಅಚ್ಚು ಅಪ್ಪನೇ ಕಣಯ್ಯ! ಅದೇ ಮೂಗು, ಅದೇ ಗದ್ದ. ಎಲ್ಲಿ ನಿಮ್ಮಪ್ಪ? ನಮಗೆ ಎರಡು ಮೂಟೆ ಹಾಕ್ಬೇಕಿತ್ತು."

ಅಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಅರ್ಧ ಇಡ್ಲಿ ಎಲೆಯಲ್ಲೇ ಉಳಿಯಿತು. ಹಿಂದೆ ಎಲ್ಲರೂ ಹೀಗೆ ಹೇಳಿದಾಗ ನನಗೆ ಎದೆ ಉಬ್ಬುತ್ತಿತ್ತು, ಅಪ್ಪನ ಹಾಗೆ ಮೀಸೆ ಬಿಡುತ್ತೇನೆ ಎನ್ನುತ್ತಿದ್ದೆ. ಆವತ್ತು ಮತ್ತಿಕೆರೆಯ ಬಿಸಿಲಲ್ಲಿ ಓಡುತ್ತಾ ಮೊದಲ ಸಲ ನನ್ನ ಮುಖದ ಮೇಲೆ ನನಗೇ ಸಿಟ್ಟು ಬಂತು.

ಯಶವಂತಪುರದ ಸಂತೆ ನೆರೆದಿತ್ತು. ಕುರಿ, ಕೋಳಿ, ಮಡಕೆ, ಮೆಣಸಿನಕಾಯಿಯ ರಾಶಿ, ಹಗ್ಗದವರು, ಬಳೆಯವರು. ಗೂಡ್ಸ್ ರೈಲು ಕೂಗಿದಾಗೆಲ್ಲ ಕುರಿಗಳು ಒಟ್ಟಾಗಿ ತಲೆ ಎತ್ತುತ್ತಿದ್ದವು. ಹುಣಸೆಮರ ಒಂದಲ್ಲ, ನಾಲ್ಕಿದ್ದವು. ಮೂರರ ಕೆಳಗೆ ಹುಡುಕಿದೆವು. ನಾಲ್ಕನೆಯದರ ಕೆಳಗೆ ಒಬ್ಬ ಮುದುಕಿ ಹಂಚಿಕಡ್ಡಿ ಪೊರಕೆಗಳನ್ನು ಹರಡಿಕೊಂಡು, ಪಕ್ಕದಲ್ಲಿ ಜೇನಿನ ತಗಡಿನ ಡಬ್ಬ ಇಟ್ಟುಕೊಂಡು ಕೂತಿದ್ದಳು. ಯಾರೋ ಗಿರಾಕಿ ಜೇನಿಗೆ ಬೆಲ್ಲ ಬೆರೆಸಿದ್ದೀಯ ಎಂದು ಜಗಳ ತೆಗೆದಿದ್ದ. "ಬೆಲ್ಲ ಕೊಳ್ಳಾ ಕಾಸಿದ್ರೆ ನಾನ್ಯಾಕ್ ಬಂಡೆ ಜೇನು ಮಾರಾಕ್ ಬತ್ತಿದ್ದೆ, ಓಗ್ಲಾ," ಎಂದು ಅವನನ್ನು ಅಟ್ಟಿ, ನಮ್ಮ ಕಡೆ ತಿರುಗಿದಳು. ತಿರುಗಿದವಳು ಅಕ್ಕನನ್ನು ನೋಡಿದಳು. ಕೈಲಿದ್ದ ಪೊರಕೆ ಜಾರಿ ಬಿತ್ತು.

"ಮಾದೀ?"

ಅದು ಅವ್ವನ ಹೆಸರು. ಯಲಹಂಕದಲ್ಲಿ ಅಪ್ಪ ಇಟ್ಟಿದ್ದ ಹೆಸರು ಬೇರೆ. ಅಲ್ಲಿ ಈ ಹೆಸರು ನಮ್ಮ ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಮಾದಿ ಮಗಳು ಕಣಜ್ಜಿ," ಎಂದಳು ಅಕ್ಕ. "ಅವ್ವ ಇಲ್ಲ. ಹೋಗಿ ವರ್ಷಗಳಾದ್ವು."

ಅವಳು ಅವ್ವನನ್ನು ಹೆತ್ತವಳು, ನಮ್ಮ ಅಜ್ಜಿ. ಅಳಲಿಲ್ಲ. ಎರಡೂ ಕೈಯಲ್ಲಿ ಅಕ್ಕನ ಮುಖ ಹಿಡಿದುಕೊಂಡು ಹಣೆ, ಕೆನ್ನೆ, ಕಿವಿ ಎಲ್ಲವನ್ನೂ ಕುರುಡರ ಹಾಗೆ ಮುಟ್ಟಿ ಮುಟ್ಟಿ ನೋಡಿದಳು. ಪ್ರತಿ ಸಂತೆಗೂ ಈ ಮರದ ಕೆಳಗೇ ಕೂರುತ್ತೇನೆ, ಒಂದಲ್ಲ ಒಂದು ದಿನ ಮಾದಿ ಸಾಮಾನಿಗೆ ಬಂದೇ ಬರುತ್ತಾಳೆ ಅಂದುಕೊಂಡಿದ್ದೆ ಎಂದಳು. ಅಕ್ಕ ಅವಳ ಹೆಗಲ ಮೇಲೆ ತಲೆಯಿಟ್ಟು, ಬಾರುಕೋಲಿಗೂ ಹನಿ ಉದುರಿಸದವಳು, ಸಂತೆಯ ನಡುವೆ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು. ಆಗ ಅಜ್ಜಿ ನನ್ನ ಕಡೆ ನೋಡಿದಳು.

"ಇವನ್ಯಾರು?"

"ನನ್ ತಮ್ಮ, ಕೆಂಪ."

ಅಜ್ಜಿ ನೋಡಿದಳು, ಮತ್ತೆ ಮುಖ ತಿರುಗಿಸಿದಳು. "ಗಾಡಿಯವನ ಮಕ," ಎಂದಳು. ಅವಳು ನನ್ನನ್ನು ಬೈಯಲಿಲ್ಲ. ಹಾವನ್ನು ಕಂಡವರು ಹಾವು ಎಂದಷ್ಟೇ ಹೇಳುವುದಿಲ್ಲವೇ, ಹಾಗೆ ಹೇಳಿದಳು. ಬುತ್ತಿಯಿಂದ ಸುಟ್ಟ ಗೆಡ್ಡೆ ಎರಡು ತೆಗೆದು ಒಂದನ್ನು ಅಕ್ಕನ ಕೈಗಿಟ್ಟಳು, ಇನ್ನೊಂದನ್ನು ನನ್ನ ಪಕ್ಕದ ಕಲ್ಲಿನ ಮೇಲಿಟ್ಟಳು.

ಮಧ್ಯಾಹ್ನಕ್ಕೆ ಅಂಗಡಿ ಕಟ್ಟಿ ಹೊರಟೆವು. ಗೊರಗುಂಟೆಪಾಳ್ಯದಲ್ಲಿ ಆಗ ಇದ್ದದ್ದು ತುಮಕೂರು ರಸ್ತೆಗೆ ನೆರಳು ಹಾಸಿದ್ದ ಸಾಲುಮರ, ಗಾಡಿಯೆತ್ತುಗಳಿಗೆ ನೀರಿನ ತೊಟ್ಟಿ. ತೊಟ್ಟಿಯ ಬಳಿ ಇದ್ದಿಲಿನ ಗಾಡಿಗಳು ಸಾಲಾಗಿ ನಿಂತಿದ್ದವು. ಅಪ್ಪನ ಗಾಡಿ ಇರಲಿಲ್ಲ, ಆದರೂ ನಮಗೆ ಕಾಲು ಕಿತ್ತು ಮುಂದಿಡಲಾಗಲಿಲ್ಲ. ಅಜ್ಜಿ ತನ್ನ ಪೊರಕೆಯ ಹೊರೆಯನ್ನು ನನ್ನ ತಲೆಯ ಮೇಲೆ ಹೊರಿಸಿ, ಕಡ್ಡಿಗಳು ಮುಖದ ಮೇಲೆ ಇಳಿಬೀಳುವ ಹಾಗೆ ಸರಿಸಿದಳು. ಹಾಗೇ ದಾಟಿದೆವು. ನನ್ನನ್ನು ಕಾಪಾಡಲು ಹೀಗೆ ಮಾಡಿದಳೋ, ನನ್ನ ಮುಖ ತಾನು ನೋಡಬಾರದೆಂದು ಮಾಡಿದಳೋ ಆಗ ತಿಳಿಯಲಿಲ್ಲ. ದಾರಿಯಲ್ಲಿ ಒಂದು ಗುಡುಗಿನ ಮಳೆ ಬಂದು, ಕೆಂಪು ಮಣ್ಣಿನ ವಾಸನೆ ಎಬ್ಬಿಸಿ, ಬಂದಷ್ಟೇ ಬೇಗ ಹೋಯಿತು.

ಸುಂಕದಕಟ್ಟೆಯವರೆಗೆ ನಡೆದು ಮಾಗಡಿ ಬಸ್ಸು ಹಿಡಿದೆವು. ತಲೆಗೆ ಐವತ್ತು ಪೈಸೆ. ಜನ ಇನ್ನೂ ಎಂಟಾಣೆ ಎನ್ನುತ್ತಿದ್ದರು. ಕಂಡಕ್ಟರು ಜೇನಿನ ಡಬ್ಬವನ್ನು ಮೇಲೆ ಹಾಕು ಎಂದ, ಅಜ್ಜಿ ನಿನ್ನನ್ನೇ ಮೇಲೆ ಹಾಕ್ತೀನಿ ಎಂದಳು, ಡಬ್ಬ ಅವಳ ಮಡಿಲಲ್ಲೇ ಕೂತಿತು. ತಾವರೆಕೆರೆ ದಾಟಿದ ಮೇಲೆ ಬಲು ದೂರದಲ್ಲಿ ಸಾವನದುರ್ಗ ಕಂಡಿತು. ಬೆಟ್ಟ ಎಂದರೆ ನಮಗೆ ನಂದಿಯ ನೀಲಿ ಗೆರೆ ಮಾತ್ರ. ಇದು ಹಾಗಲ್ಲ, ಒಂದೇ ಒಂದು ಬಂಡೆ, ಮಲಗಿದ ಕೋಣದ ಬೆನ್ನಿನ ಹಾಗೆ ಬರಿದೋ ಬರಿದು. ಅಡ್ಡರಸ್ತೆಯಲ್ಲಿ ಇಳಿದು ಕಾಡಿನೊಳಗೆ ನಡೆಯುತ್ತಾ ಅಕ್ಕ ಅಜ್ಜಿಯನ್ನು ಮರ ಮರಕ್ಕೂ ಹೆಸರು ಕೇಳಿದಳು. ಅರ್ಧ ಹೆಸರು ಅವಳಿಗೆ ಆಗಲೇ ಗೊತ್ತಿದ್ದವು. ಅವ್ವ ಲಾಲಿಯಲ್ಲಿ ಹಾಡುತ್ತಿದ್ದದ್ದು ಮರಗಳ ಹೆಸರು ಎಂದು ನಮಗೆ ಅವತ್ತು ತಿಳಿಯಿತು.

ಹತ್ತು ಹನ್ನೆರಡು ಗುಡಿಸಲಿನ ದೊಡ್ಡಿ ಅದು. ಅಕ್ಕನಿಗೆ ಅಲ್ಲಿ ಒಳಗೆ ಹೋಗಲು ಬಾಗಿಲು ತಟ್ಟುವ ಕೆಲಸವೇ ಬೀಳಲಿಲ್ಲ. ಹೆಂಗಸರು ಅವಳನ್ನು ಸುತ್ತುವರಿದು, ನೀರು ಹಾಕಿ, ತಲೆ ಬಾಚಿ, ಕೈಗೆ ಬಿದಿರಿನ ದಬ್ಬೆ ಕಟ್ಟಿದರು. ಸೋದರಮಾವ ಬೈರ ಕಾಡಿನಿಂದ ಬಂದವನು ಅವಳನ್ನು ಕಂಡು ಅಲ್ಲೇ ಕುಸಿದು ಕೂತ. ಅವ್ವ ಅವನ ಬೆನ್ನಿಗೆ ಬಿದ್ದ ಒಬ್ಬಳೇ ತಂಗಿ. ನನ್ನನ್ನು ನೋಡಿ ತಲೆಯಾಡಿಸಿದ. ನಾನು ಹೊರಗಿನ ಜಗಲಿಯ ಮೇಲೆ ಚಾಪೆ ಹಾಸಿಕೊಂಡೆ. ಊಟ ಬರುತ್ತಿತ್ತು, ನೀರು ಬರುತ್ತಿತ್ತು. ಮಕ್ಕಳು ಬಂದು ನನ್ನನ್ನು ನೋಡಿ, ದೊಡ್ಡವರು ಕರೆದರೆ ಓಡಿಹೋಗುತ್ತಿದ್ದವು.

ಮೂರನೆಯ ಬೆಳಗ್ಗೆ ಒಲೆಯ ಬಳಿ ಮಾತು ನಡೆದಿತ್ತು. ಅಪ್ಪನಿಗೆ ದೊಡ್ಡಿಯ ದಾರಿ ಗೊತ್ತು, ಬರುತ್ತಾನೆ, ಬಂದರೆ ಏನು ಎಂದು. "ಎಣ್ಣು ಮಗಾನ ನಾವ್ ಬಿಡಕಿಲ್ಲ," ಎಂದಳು ಅಜ್ಜಿ. "ಗಂಡು ಅವನದು. ಅವನ ಮಕಾನೇ ಐತೆ. ಕೇಳುದ್ರೆ ಏನಂತ ಇಡ್ಕಳಾನ?" ಅದನ್ನು ನಾನು ಕೇಳಿಸಿಕೊಂಡೆ. ಅಜ್ಜಿ ಹೇಳಿದ್ದರಲ್ಲಿ ಲೆಕ್ಕ ಸರಿಯಾಗೇ ಇತ್ತು. ನಾನು ಹಿಂದಿರುಗಿದರೆ ಅಪ್ಪ ಇಲ್ಲಿಗೆ ಬರುವ ಅಗತ್ಯ ಬೀಳಲಿಕ್ಕಿಲ್ಲ, ಅಕ್ಕ ಇಲ್ಲಿ ಉಳಿಯುತ್ತಾಳೆ. ಚೀಲ ಕಟ್ಟಿಕೊಂಡೆ. ಅಕ್ಕ ಬಂದು ಚೀಲ ಕಿತ್ತುಕೊಂಡಳು.

"ನೀನ್ ಹೋದ್ರೆ ನಾನೂ ಬರ್ತೀನಿ. ಗಂಟಿಲ್ಲದ ಮುದ್ದೆ ಕಟ್ಟೋದ್ ಕಲ್ತಿಲ್ಲ ನಾನಿನ್ನೂ. ಬಾ, ಇಬ್ಬರೂ ಹೋಗಿ ಹೊಡೆಸ್ಕೊಳ್ಳೋಣ."

ಅವಳು ತಮಾಷೆ ಮಾಡಿದರೆ ನಿಜ ಹೇಳುತ್ತಿದ್ದಾಳೆ ಎಂದೇ ಅರ್ಥ. ನಾನು ಸಿಕ್ಕಿಬಿದ್ದೆ. ಹೋದರೆ ಅವಳು ಮತ್ತೆ ಆ ಮನೆಗೆ. ಉಳಿದರೆ ಯಾರಿಗೂ ಬೇಡದವನಾಗಿ ಜಗಲಿಯ ಮೇಲೆ. ಚೀಲವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಜಗಲಿಯ ಮೇಲೆ ಕೂತೆವು.

ಅದೇ ಸಂಜೆ ಬಂಡೆಯ ಜೇನಿನ ಮಾತು ಬಂತು. ದೊಡ್ಡಿಯ ಹಿಂದಿನ ಕಡಿದಾದ ಬಂಡೆಗೆ ಹೆಜ್ಜೇನು ಕಟ್ಟಿ ತುಂಬಿತ್ತು. ಮುಂಗಾರು ಬಿದ್ದರೆ ನೊಣ ಎದ್ದು ಹೋಗುತ್ತದೆ, ಹುಟ್ಟು ಒಣಗುತ್ತದೆ. ಆ ಬಂಡೆ ಅವ್ವನ ಮನೆತನದ ಪಾಲು, ಇಳಿಯಬೇಕಾದವನು ಬೈರಮಾವ. ಇಳಿಯುವುದು ಕಾಡುಬಳ್ಳಿ ಹೊಸೆದ ಹಗ್ಗದಲ್ಲಿ. ಹಗ್ಗದ ತುದಿಯನ್ನು ಮೇಲೆ ಗೋಣಿಮರದ ಬುಡಕ್ಕೆ ಕಟ್ಟಿ, ಆ ಗಂಟಿನ ಪಕ್ಕ ಒಬ್ಬ ಕಾವಲು ಕೂರಬೇಕು. ಯಾರೆಂದರೆ ಅವರು ಕೂರುವಂತಿಲ್ಲ. ಒಡಹುಟ್ಟಿದ ಅಣ್ಣತಮ್ಮಂದಿರಿಗಂತೂ ಗಂಟು ಒಪ್ಪಿಸುವಂತೆಯೇ ಇಲ್ಲ. ಇಳಿದವನು ಸತ್ತರೆ ಬಂಡೆಯ ಪಾಲು ಅವರಿಗೇ ಹೋಗುತ್ತದೆ. ಹೆಂಡತಿಯ ಅಣ್ಣನೋ ತಮ್ಮನೋ ಕೂರಬೇಕು, ಯಾಕೆಂದರೆ ತನ್ನ ಒಡಹುಟ್ಟಿದವಳು ಮುಂಡೆಯಾಗುವುದು ಅವನಿಗೆ ಬೇಡ. ಅವನಿಲ್ಲದಿದ್ದರೆ ಒಡಹುಟ್ಟಿದ ತಂಗಿಯ ಮಗ. ಬೇರೆ ಯಾರೂ ಇಲ್ಲ. ಬೈರಮಾವನ ಭಾವಮೈದ ಹಿಂದಿನ ವರ್ಷ ಸತ್ತಿದ್ದ. ಅದಕ್ಕೇ ಹೋದ ಬೇಸಿಗೆಯಲ್ಲಿ ಬಂಡೆ ಇಳಿದಿರಲಿಲ್ಲ, ಆ ಮಳೆಗಾಲ ಇಡೀ ದೊಡ್ಡಿ ಗೆಡ್ಡೆಯಲ್ಲೇ ಕಳೆದಿತ್ತು.

ಬೈರಮಾವ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಜಗಲಿಯ ಮುಂದೆ ಬಂದು ನಿಂತ. "ಏಳ್ಲಾ. ಬಾ," ಎಂದ. ನನಗೆ ಅವನಾಡಿದ ಮೊದಲ ಮಾತು ಅದು.

ಅಜ್ಜಿ ಅಡ್ಡ ಬಂದಳು. "ಏನ್ ತಿಳ್ಕಂಡಿದ್ದೀಯೋ ಬೈರಾ? ಗಾಡಿಯವನ ಮಗನ ಕೈಗೆ ಜೀವ ಕೊಟ್ಟೀಯಾ? ಅವನಪ್ಪ ಮಾದೀನ ಏನ್ ಮಾಡ್ದ ಅಂತ ಗೊತ್ತಿಲ್ವಾ?"

"ಅವನಪ್ಪನ್ನ ನಾನು ಕರೀಲಿಲ್ವಲ್ಲ ಅವ್ವ," ಎಂದ ಮಾವ. "ನಮ್ಮ ಮಾದಿ ಹೊಟ್ಟೇಲಿ ಉಟ್ಟವನೆ. ನಾನಿನ್ಯಾರ್ನ ಕರೀಲಿ?"

ಬಂಡೆಯ ನೆತ್ತಿಗೆ ಹೋಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಕ್ಕನೂ ಬಂದಳು. ಅಜ್ಜಿಯೂ ಗೊಣಗುತ್ತಾ ಬಂದು ನನ್ನ ಬೆನ್ನ ಹಿಂದೆ ಕೂತಳು, ನನ್ನ ಮೇಲೆ ಕಣ್ಣಿಡಲೆಂದೇ ಬಂದಳೆಂದು ನನಗೆ ಗೊತ್ತಿತ್ತು. ಮಾವ ಗಂಟು ಹಾಕುವುದನ್ನು ನನಗೆ ತೋರಿಸಿ ತೋರಿಸಿ ಹಾಕಿದ. ಗಂಟಿನಿಂದ ಕಣ್ಣು ತೆಗೆಯಬಾರದು. ಬಳ್ಳಿ ಸಡಿಲವಾದರೆ ಕೂಗಬೇಕು. ಕೆಳಗಿನವನು ನಡುನಡುವೆ ಕೂಗುತ್ತಾನೆ, ಮೇಲಿನವನು ಓಗೊಡಬೇಕು. ಓಗೊಡದಿದ್ದರೆ ಅವನು ಒಂದು ಹೆಜ್ಜೆ ಮುಂದಿಡುವುದಿಲ್ಲ. ಹೆಸರು ಹಿಡಿದು ಕೂಗುವಂತಿಲ್ಲ, ನೊಣ ಹೆಸರನ್ನು ಗುರುತಿಟ್ಟುಕೊಳ್ಳುತ್ತದಂತೆ. ಸಂಬಂಧ ಹಿಡಿದೇ ಕೂಗಬೇಕು. ಇಷ್ಟು ಹೇಳಿ, ಹಸಿಸೊಪ್ಪು ಸುತ್ತಿದ ಪಂಜಿಗೆ ಬೆಂಕಿ ತಾಗಿಸಿ, ಹೊಗೆಯ ಜೊತೆ ಬಂಡೆಯ ಅಂಚಿನಲ್ಲಿ ಇಳಿದುಹೋದ.

ಹಗ್ಗ ಬಿಗಿಯಿತು. ಮರದ ಬುಡ ಕಿರುಗುಟ್ಟಿತು. ನನ್ನ ಎರಡೂ ಕೈ ಗಂಟಿನ ಮೇಲಿದ್ದವು. ಅಪ್ಪನ ಹಾಗೇ ದಪ್ಪ ಗಿಣ್ಣಿನ ಕೈ. ಮಾವನ ಭಾರ, ಅವನ ಒಂದೊಂದು ಅಲುಗಾಟ ಬಳ್ಳಿಯಲ್ಲಿ ಹತ್ತಿ ಅಂಗೈಗೆ ಬರುತ್ತಿತ್ತು. ಕೆಳಗಿನಿಂದ ನೊಣಗಳು ಎದ್ದ ಸದ್ದು, ದೂರದ ರೈಲಿನ ಹಾಗೆ. ನನಗೆ ಬಹಳ ಹೆದರಿಕೆಯಾಯಿತು.

"ಬೆಂಗ್ಳೂರ್ ಕಾಣ್ತದೆ ಕಣೋ," ಎಂದಳು ಅಕ್ಕ, ಬಂಡೆಯ ಇನ್ನೊಂದು ಬದಿಗೆ ನಿಂತು. "ಮಿಣಿಮಿಣಿ ದೀಪ ಹತ್ತಿವೆ. ಆ ಕೊನೇಲಿರೋದೇ ಯಲಹಂಕ ಇರ್ಬೇಕು. ಒಂದ್ಸಲ ತಿರುಗಿ ನೋಡೋ."

ನೋಡಬೇಕೆಂದು ಆಸೆಯಾಯಿತು. ಹೆಬ್ಬಾಳದ ಕೆರೆ, ದ್ರಾಕ್ಷಿ ಚಪ್ಪರ, ಅವ್ವನನ್ನು ಮಣ್ಣು ಮಾಡಿದ ಜಾಗ, ನಾಲಿಗೆಯ ಲೊಚ್‌ಗೆ ಕಿವಿ ನಿಮಿರಿಸುತ್ತಿದ್ದ ಎತ್ತುಗಳು, ಎಲ್ಲವೂ ಆ ಕಡೆಗೇ ಇದ್ದವು. ಕುತ್ತಿಗೆ ತಿರುಗಿಸಲಿಲ್ಲ. ಗಂಟನ್ನೇ ನೋಡುತ್ತಾ ಕೂತೆ.

ಆಗ ಬಂಡೆಯ ಕೆಳಗಿನಿಂದ, ಹೊಗೆಯೊಳಗಿನಿಂದ, ಕೂಗು ಬಂತು.

"ಅಳಿಯಾ! ಇದ್ದೀಯಾ?"

ಹುಟ್ಟಿದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. "ಇದ್ದೀನಿ ಮಾವಾ," ಎಂದೆ. ಅದು ನನಗೇ ಕೇಳಿಸಲಿಲ್ಲ.

ಬೆನ್ನ ಹಿಂದೆ ಅಜ್ಜಿ ತೆವಳಿಕೊಂಡು ಹತ್ತಿರ ಬಂದಳು. ಅವಳ ಒರಟು ಅಂಗೈ ನನ್ನ ಬೆನ್ನ ಮೇಲೆ ಬಂದು ಕೂತಿತು.

"ಅದೇನ್ಲಾ ಅಂಗೆ ಕುಂಯ್ ಅಂತೀಯಾ? ಗಾಳಿ ಐತೆ, ನಿಮ್ಮಾವನಿಗೆ ಕೇಳಕಿಲ್ಲ. ಜೋರಾಗ್ ಕೂಗು ಮಗಾ."

ನಾನು ಜೋರಾಗಿ ಕೂಗಿದೆ.